ಬಡ್ಡಿಯ ಜೊತೆ ಬಾಗಿಲು ತೆರೆಸಿದ ಮಾರಿಸ್ ಫ್ರಾಂಕ್



ನಮ್ಮ ಕನ್ನಡ ಕೂಟಕ್ಕೆ ಬರುವ ಗೆಳೆಯರಲ್ಲಿ ಒಬ್ಬನಿಗೆ ಕಣ್ಣು ಕಾಣುವುದಿಲ್ಲ. ಹೆಸರು ಬರೀಬೇಡ ಅಂತ ಅವನೇ ಹೇಳಿದ್ದರಿಂದ ಬರೆಯುತ್ತಿಲ್ಲ. ಅವನು ಓದುವ ಸಂಸ್ಥೆಯ ಹೆಸರೂ ಇಲ್ಲಿ ಬೇಡ. ಸಂಜೆ ಕೂಟ ಮುಗಿದ ಮೇಲೆ ಅವನನ್ನು ಗಿಂಡಿ ರೈಲ್ವೆ ನಿಲ್ದಾಣದ ತನಕ ಬಿಟ್ಟುಬರುವ ಸರದಿಯನ್ನು ನಾವು ನಮ್ಮಲ್ಲೇ ಹಂಚಿಕೊಂಡಿದ್ದೇವೆ. ಅವನು ನನ್ನ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾನೆ. ದಾರಿಯುದ್ದಕ್ಕೂ ಇಬ್ಬರೂ ಹರಟುತ್ತೇವೆ. ಸರ್ದಾರ್ ಪಟೇಲ್ ರಸ್ತೆ ದಾಟುವಾಗ ಮಾತ್ರ ಇಬ್ಬರ ಮಾತೂ ನಿಲ್ಲುತ್ತದೆ.

ಹೋದ ತಿಂಗಳು ಒಂದು ದಿನ ನನ್ನ ಸರದಿ ಇತ್ತು. ನಾನು ಪೂರಾ ಮರೆತೆ. ಅವನು ಮುಕ್ಕಾಲು ಗಂಟೆ ಗೇಟಿನ ಹತ್ತಿರ ಕಾದು ನಿಂತಿದ್ದನಂತೆ. ಮಾರನೇ ದಿನ ತಪ್ಪಾಯಿತು ಅಂತ ಹೇಳಿದೆ. ಅವನು ಬೈಯಲಿಲ್ಲ. ಬೈಯೋ ಹಾಗಿದ್ದರೆ ಚೆನ್ನಾಗಿತ್ತು, ಆದರೆ ಉಪಕಾರ ಮಾಡೋರನ್ನ ಬೈಯೋಕೆ ಆಗಲ್ಲವಲ್ಲ ಅಂತ ನಕ್ಕ. ಆ ಮಾತು ನನಗೆ ಚುಚ್ಚಿತು. ಆಮೇಲೆ ಇನ್ನೊಂದು ಸಂಗತಿಯನ್ನೂ ಹೇಳಿದ. ಮುಂದೆ ಎಂದಾದರೂ ತರಬೇತಾದ ನಾಯಿಯೊಂದು ಸಿಕ್ಕರೆ ಹಾಸ್ಟೆಲಿನಲ್ಲೂ ತರಗತಿಯಲ್ಲೂ ಜೊತೆಗೆ ಇಟ್ಟುಕೊಳ್ಳಬಹುದೇ ಅಂತ ಕಚೇರಿಯಲ್ಲಿ ವಿಚಾರಿಸಿದ್ದನಂತೆ. ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡನ್ನು ಅವನಿಗೆ ಓದಿ ಹೇಳಿ ಕಳಿಸಿದರಂತೆ. ಅಲ್ಲಿಗೆ ಆ ವಿಷಯ ಮುಗಿಯಿತು.

ಆ ರಾತ್ರಿಯಿಂದ ನಾನು ಮಾರಿಸ್ ಫ್ರಾಂಕ್ ಎಂಬ ಅಮೆರಿಕದ ಮನುಷ್ಯನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಕಣ್ಣಿಲ್ಲದವರಿಗೆ ದಾರಿ ತೋರುವ ನಾಯಿಯನ್ನು ಅಮೆರಿಕಕ್ಕೆ ತಂದು, ಅದು ಹೋಗಬೇಕಾದ ಬಾಗಿಲುಗಳನ್ನೆಲ್ಲ ಒಂದೊಂದಾಗಿ ತೆರೆಸಿದವನು ಅವನು. ಅವನ ಬದುಕನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮಾರಿಸ್ ಫ್ರಾಂಕ್ ಹುಟ್ಟಿದ್ದು 1908ರ ಮಾರ್ಚ್ 23ರಂದು, ಅಮೆರಿಕದ ಟೆನೆಸೀ ರಾಜ್ಯದ ನ್ಯಾಶ್‌ವಿಲ್ ಪಟ್ಟಣದಲ್ಲಿ. ಮನೆಯವರು ಅನುಕೂಲಸ್ಥರು. ತಾಯಿಯೂ ದೃಷ್ಟಿ ಕಳೆದುಕೊಂಡಿದ್ದಳು. ಆರು ವರ್ಷದ ಹುಡುಗನಾಗಿದ್ದಾಗ ಕುದುರೆ ಸವಾರಿ ಮಾಡುತ್ತಿದ್ದವನಿಗೆ ಬಾಗಿದ್ದ ಮರದ ಕೊಂಬೆ ಬಡಿದು ಒಂದು ಕಣ್ಣು ಹೋಯಿತು. ಹದಿನಾರನೇ ವಯಸ್ಸಿನಲ್ಲಿ ಬಾಕ್ಸಿಂಗ್ ಆಡುವಾಗ ಬಿದ್ದ ಪೆಟ್ಟಿಗೆ ಇನ್ನೊಂದು ಕಣ್ಣೂ ಹೋಯಿತು. ಹೀಗೆ ಹತ್ತು ವರ್ಷದ ಅಂತರದಲ್ಲಿ ನಡೆದ ಎರಡು ಅಪಘಾತಗಳಿಂದ ಹುಡುಗನ ಲೋಕ ಕತ್ತಲಾಯಿತು.

ಆದರೂ ಓದು ನಿಲ್ಲಿಸಲಿಲ್ಲ. ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಸೇರಿದ. ಜೊತೆಗೆ ವಿಮೆ ಮಾರುವ ಕೆಲಸವನ್ನೂ ಹಿಡಿದ. ಕೈ ಹಿಡಿದು ಕರೆದುಕೊಂಡು ಹೋಗಲು ಸಂಬಳ ಕೊಟ್ಟು ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದ. ಆ ಹುಡುಗನಿಗೆ ಬೇಸರ ಬಂದರೆ ಫ್ರಾಂಕ್‌ನ ಆ ದಿನದ ಕೆಲಸವೂ ಕೆಟ್ಟಂತೆ. ಕ್ಷೌರಕ್ಕೆ ಹೋಗಬೇಕಾದರೆ ಯಾರಾದರೂ ಅಂಗಡಿಯಲ್ಲಿ ಕೂರಿಸಿ ಹೋಗಬೇಕು, ಅವರು ಮತ್ತೆ ಬಂದು ಕರೆದೊಯ್ಯುವ ತನಕ ಅಲ್ಲೇ ಕೂತಿರಬೇಕು. ಇಪ್ಪತ್ತರ ಹರೆಯದವನಿಗೆ ಹೇಗನ್ನಿಸಿರಬೇಕು, ನೀವೇ ಯೋಚಿಸಿ. ಗೇಟಿನ ಹತ್ತಿರ ನಿಂತ ನಮ್ಮ ಗೆಳೆಯ ನನಗೆ ನೆನಪಾದದ್ದು ಇಲ್ಲೇ.

1927ರ ನವೆಂಬರ್ 5ರ ಸ್ಯಾಟರ್ಡೇ ಈವನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದವಳು ಡೊರೊತಿ ಹ್ಯಾರಿಸನ್ ಯೂಸ್ಟಿಸ್ ಎಂಬ ಅಮೆರಿಕದ ಮಹಿಳೆ. ಸ್ವಿಟ್ಸರ್‌ಲೆಂಡಿನ ವೆವೆ ಊರಿನ ಮೇಲಿನ ಗುಡ್ಡದಲ್ಲಿ ಆಕೆ ಜರ್ಮನ್ ಶೆಫರ್ಡ್ ನಾಯಿಗಳನ್ನು ಸಾಕಿ, ಪೊಲೀಸರಿಗೂ ಸೈನ್ಯಕ್ಕೂ ಬೇಕಾದ ಕೆಲಸ ಕಲಿಸುತ್ತಿದ್ದಳು. ಲೇಖನದ ವಿಷಯ ಮಾತ್ರ ಜರ್ಮನಿಯದು. ಮೊದಲನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಅಲ್ಲಿ 1916ರಿಂದ ನಾಯಿಗಳನ್ನು ಪಳಗಿಸುತ್ತಿದ್ದರು. ಪಾಟ್ಸ್‌ಡ್ಯಾಮ್‌ನ ಶಾಲೆಯಲ್ಲಿ ತಾನು ಕಣ್ಣಾರೆ ಕಂಡದ್ದನ್ನು ಆಕೆ ಬರೆದಿದ್ದಳು.

ತಂದೆ ಆ ಲೇಖನವನ್ನು ಮಗನಿಗೆ ಓದಿ ಹೇಳಿದ. ಕೇಳಿದವನಿಗೆ ಮತ್ತೆ ನಿದ್ದೆ ಎಲ್ಲಿ? ನಾಲ್ಕೇ ದಿನಕ್ಕೆ ಯೂಸ್ಟಿಸ್‌ಗೆ ಕಾಗದ ಬರೆಸಿದ. ತನಗೂ ಅಂಥ ಒಂದು ನಾಯಿಯನ್ನು ಕೊಡಿಸಿದರೆ, ತಾನು ಕಲಿತದ್ದನ್ನು ತನ್ನ ದೇಶದ ಬೇರೆ ಅಂಧರಿಗೂ ಕಲಿಸುವ ವ್ಯವಸ್ಥೆ ಮಾಡುತ್ತೇನೆ ಅಂತ ಮಾತು ಕೊಟ್ಟ. ತನಗೊಬ್ಬನಿಗೇ ಆದರೆ ಸಾಕು ಅಂತ ಅವನು ಕೇಳಲಿಲ್ಲ ಎಂಬುದನ್ನು ಗಮನಿಸಿ.

ಯೂಸ್ಟಿಸ್ ಬಾ ಅಂದಳು. 1928ರ ವಸಂತದಲ್ಲಿ ಹಡಗು ಹತ್ತಿದ. ಒಬ್ಬನೇ ಹೋಗುವ ಕುರುಡನನ್ನು ಪ್ರಯಾಣಿಕ ಅಂತ ನಂಬಿ ಕರೆದೊಯ್ಯಲು ಯಾರೂ ಸಿದ್ಧರಿರಲಿಲ್ಲ. ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯ ಮೂಲಕ, ಒಂದು ಪಾರ್ಸೆಲ್ ರವಾನೆ ಮಾಡಿದ ಹಾಗೆ, ಕೈಯಿಂದ ಕೈಗೆ ದಾಟಿಸಿ ಕಳಿಸಿದರು. ಹಡಗಿನಲ್ಲಿ ಅವನ ಕೋಣೆಗೆ ಹೊರಗಿನಿಂದ ಬೀಗ ಹಾಕುತ್ತಿದ್ದರು. ಹೊತ್ತು ಹೊತ್ತಿಗೆ ಊಟ, ಹೊತ್ತು ಹೊತ್ತಿಗೆ ಒಂದು ಸುತ್ತು ಗಾಳಿ, ಮತ್ತೆ ಬೀಗ. ಯಾರೂ ಕೆಡುಕು ಬಯಸಿದವರಲ್ಲ. ಅವನ ಒಳ್ಳೆಯದಕ್ಕೇ ಮಾಡಿದ್ದು.

ಸ್ವಿಟ್ಸರ್‌ಲೆಂಡಿನಲ್ಲಿ ಜಾಕ್ ಹಂಫ್ರಿ ಎಂಬ ತರಬೇತುದಾರ ಅವನಿಗೆ ಒಂದು ಹೆಣ್ಣು ನಾಯಿಯನ್ನು ಒಪ್ಪಿಸಿದ. ನಾಯಿಯ ಹೆಸರು ಕಿಸ್, ಅಂದರೆ ಮುತ್ತು. ನಡುಬೀದಿಯಲ್ಲಿ ಗಂಡಸು ಅದನ್ನು ಕೂಗಿ ಕರೆಯೋದು ಹೇಗೆ? ಫ್ರಾಂಕ್ ನಾಚಿಕೊಂಡು ಕೂಡಲೇ ಬಡ್ಡಿ ಅಂತ ಹೆಸರು ಬದಲಿಸಿದ. ಇದು ಸಾಲದ ಬಡ್ಡಿ ಅಲ್ಲ, ಇಂಗ್ಲಿಷಿನಲ್ಲಿ ಗೆಳೆಯ ಎಂಬರ್ಥದ ಮಾತು. ಆದರೆ ಈ ಬಡ್ಡಿಯೂ ಅಸಲಿಗಿಂತ ಹೆಚ್ಚು ಬೆಳೆಯಿತು ಅಂತ ನಮ್ಮ ಭಾಷೆಯಲ್ಲಿ ಹೇಳಿದರೆ ತಪ್ಪಾಗಲಾರದು.

ಇಲ್ಲಿ ಈ ನಾಯಿಯ ಕೆಲಸ ಎಂಥದು ಅಂತ ಸ್ವಲ್ಪ ತಿಳಿದುಕೊಳ್ಳಬೇಕು. ನಾಯಿ ಯಜಮಾನನನ್ನು ಎಳೆದುಕೊಂಡು ಹೋಗುತ್ತದೆ ಅಂತ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಅದು ಸರಿಯಲ್ಲ. ಎಲ್ಲಿಗೆ ಹೋಗಬೇಕು, ಎಷ್ಟನೇ ತಿರುವು, ಎಡಕ್ಕೋ ಬಲಕ್ಕೋ ಎಂಬುದನ್ನೆಲ್ಲ ಮನುಷ್ಯನೇ ತಲೆಯಲ್ಲಿ ಇಟ್ಟುಕೊಂಡು ಅಪ್ಪಣೆ ಕೊಡಬೇಕು. ನಾಯಿಯ ಮೈಗೆ ಬಿಗಿದ ಪಟ್ಟಿಗೆ ಗಟ್ಟಿಯಾದ ಒಂದು ಹಿಡಿ ಇರುತ್ತದೆ. ನಾಯಿ ನಿಂತರೆ, ಬಳಸಿದರೆ, ಮೆಟ್ಟಿಲ ಮುಂದೆ ತಡೆದರೆ, ಆ ಹಿಡಿಯ ಮೂಲಕ ಕೈಗೆ ತಿಳಿಯುತ್ತದೆ. ಹಳ್ಳ, ಕಂಬ, ನೆತ್ತಿಗೆ ತಾಗುವ ಕೊಂಬೆ, ಇವನ್ನೆಲ್ಲ ತಪ್ಪಿಸುವುದು ನಾಯಿಯ ಪಾಲಿನ ಕೆಲಸ. ಎಲ್ಲಕ್ಕಿಂತ ಕಷ್ಟದ ಪಾಠವೆಂದರೆ ಹೇಳಿದ್ದನ್ನು ಕೇಳದಿರುವುದು. ಯಜಮಾನ ಮುಂದೆ ನಡೆ ಅಂದರೂ ಎದುರಿಗೆ ವಾಹನ ಬರುತ್ತಿದ್ದರೆ ನಾಯಿ ಕದಲಬಾರದು. ವಿಧೇಯತೆಯನ್ನು ಯಾವ ನಾಯಿಗಾದರೂ ಕಲಿಸಬಹುದು. ಎಲ್ಲಿ ಅವಿಧೇಯವಾಗಬೇಕು ಎಂಬುದನ್ನು ಕಲಿತ ನಾಯಿ ಮಾತ್ರ ಇಲ್ಲಿ ಪಾಸಾಗುತ್ತದೆ.

ಹಾಗಾಗಿ ನಾಯಿ ಮತ್ತು ಮನುಷ್ಯ ಸೇರಿ ಒಂದು ಜೋಡಿ. ಅದನ್ನು ಮುದ್ದಿನ ಪ್ರಾಣಿಯ ಲೆಕ್ಕಕ್ಕೆ ಸೇರಿಸುವುದು ಕನ್ನಡಕವನ್ನು ಅಲಂಕಾರದ ಸಾಮಾನು ಅಂದ ಹಾಗೆ.

ಕೆಲವು ವಾರಗಳ ತರಬೇತಿಯಲ್ಲೇ ಒಂದು ದಿನ ಫ್ರಾಂಕ್ ಬಡ್ಡಿಯನ್ನು ಮಾತ್ರ ಜೊತೆಗೆ ಕರೆದುಕೊಂಡು ಕ್ಷೌರದಂಗಡಿಗೆ ಹೋಗಿಬಂದ. ಬೇರೆ ಯಾರೂ ಜೊತೆಗಿರಲಿಲ್ಲ, ಯಾರ ದಾರಿಯನ್ನೂ ಕಾಯಬೇಕಾಗಿರಲಿಲ್ಲ. ವಾಪಸು ಬರುತ್ತಾ ಸಂತೋಷ ತಡೆಯಲಾರದೆ ನಕ್ಕನಂತೆ. ಜಗತ್ತು ಗೆದ್ದವರ ಕತೆ ಬಹಳ ಓದಿದ್ದೇವೆ. ಕೂದಲು ಕತ್ತರಿಸಿಕೊಂಡು ಬಂದು ಇಷ್ಟು ಹಿಗ್ಗಿದವನ ಕತೆಯನ್ನು ನಾನು ಓದಿದ್ದು ಇದೊಂದೇ.

1928ರ ಜೂನ್‌ನಲ್ಲಿ ಇಬ್ಬರೂ ನ್ಯೂಯಾರ್ಕಿನಲ್ಲಿ ಇಳಿದರು. ಪತ್ರಿಕೆಯವರು ಮುತ್ತಿಕೊಂಡರು. ನಾಯಿಯನ್ನು ನಂಬಿ ಊರು ತಿರುಗುತ್ತೇನೆ ಅಂದರೆ ಯಾರು ನಂಬುತ್ತಾರೆ? ಹಾಗಿದ್ದರೆ ವೆಸ್ಟ್ ಸ್ಟ್ರೀಟನ್ನು ದಾಟಿ ತೋರಿಸು ಅಂದರು. ಬಂದರಿನ ಪಕ್ಕದ ಆ ರಸ್ತೆ ಬಹಳ ಅಗಲ. ಲಾರಿ, ಟ್ಯಾಕ್ಸಿಗಳ ಸಂತೆ. ಕಣ್ಣಿದ್ದವರೂ ಹಿಂಜರಿಯುವ ಜಾಗ. ಫ್ರಾಂಕ್ ಹಿಡಿಯನ್ನು ಹಿಡಿದು ಮುಂದೆ ಅಂದ. ಬಡ್ಡಿ ನಾಲ್ಕು ಹೆಜ್ಜೆ ಹಾಕಿ ನಿಲ್ಲುತ್ತದೆ, ಹಿಂದಕ್ಕೆ ಸರಿಯುತ್ತದೆ, ಮತ್ತೆ ಮುಂದಕ್ಕೆ ಹೋಗುತ್ತದೆ. ಎಲ್ಲಿದ್ದೇನೆ ಎಂಬುದು ಅವನಿಗೆ ತಿಳಿಯದಾಯಿತು. ನಾಯಿಯನ್ನು ನಂಬಿ ನಡೆದ. ಆಚೆ ದಡ ಮುಟ್ಟಿದ ಮೇಲೆ ಯೂಸ್ಟಿಸ್‌ಗೆ ಒಂದೇ ಪದದ ತಂತಿ ಕಳಿಸಿದ: ಗೆದ್ದೆವು ಎಂಬರ್ಥದ ಒಂದೇ ಪದ.

ಕೊಟ್ಟ ಮಾತನ್ನು ಆತ ಮರೆಯಲಿಲ್ಲ. 1929ರ ಜನವರಿ 29ರಂದು ನ್ಯಾಶ್‌ವಿಲ್‌ನಲ್ಲಿ ಸೀಯಿಂಗ್ ಐ ಎಂಬ ಸಂಸ್ಥೆ ರಿಜಿಸ್ಟರ್ ಆಯಿತು. ಮೊದಲ ತರಗತಿಯಲ್ಲಿ ಇದ್ದವರು ಇಬ್ಬರೇ ವಿದ್ಯಾರ್ಥಿಗಳು. 1931ರಲ್ಲಿ ಶಾಲೆಯನ್ನು ನ್ಯೂಜೆರ್ಸಿ ರಾಜ್ಯಕ್ಕೆ ಸಾಗಿಸಿದರು. ಇಂದಿಗೂ ಅದು ಆ ರಾಜ್ಯದ ಮಾರಿಸ್‌ಟೌನ್‌ನಲ್ಲಿ ನಡೆಯುತ್ತಿದೆ.

ಈ ಶಾಲೆಯ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ನಾಯಿಯನ್ನು ಅವರು ಬಿಟ್ಟಿ ಕೊಡುವುದಿಲ್ಲ. 1934ರಲ್ಲಿ ಮೊದಲ ನಾಯಿಗೆ 150 ಡಾಲರ್, ಆಮೇಲಿನ ಪ್ರತಿ ನಾಯಿಗೆ 50 ಡಾಲರ್ ಎಂದು ನಿಗದಿ ಮಾಡಿದ ಶುಲ್ಕ ಇವತ್ತಿಗೂ ಬದಲಾಗಿಲ್ಲ. ಖರ್ಚಾಗುವುದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಉಳಿದದ್ದನ್ನು ದಾನಿಗಳು ಭರಿಸುತ್ತಾರೆ. ಹಾಗಾದರೆ ಈ ಚಿಲ್ಲರೆ ಶುಲ್ಕ ಯಾಕೆ? ನಾಯಿ ನನ್ನದು, ನಾನು ದುಡ್ಡು ಕೊಟ್ಟು ಪಡೆದದ್ದು ಅಂತ ಎದೆ ಸೆಟೆಸಿ ಹೇಳುವುದಕ್ಕೆ. ದೂರು ಹೇಳುವ ಅಧಿಕಾರವೂ ಅದರ ಜೊತೆಗೇ ಬರುತ್ತದೆ. ಬೈಯೋ ಹಾಗಿದ್ದರೆ ಚೆನ್ನಾಗಿತ್ತು ಅಂದ ನಮ್ಮ ಗೆಳೆಯನ ಮಾತಿಗೆ ಫ್ರಾಂಕ್‌ನ ಶಾಲೆ 90 ವರ್ಷದ ಹಿಂದೆಯೇ ಉತ್ತರ ಕೊಟ್ಟಿತ್ತು.

ಇಷ್ಟಾದರೂ ಕತೆ ಅರ್ಧ ಮಾತ್ರ. ರಸ್ತೆ ದಾಟಿಸುವುದು ಬಡ್ಡಿಗೆ ಸಾಧ್ಯವಾಯಿತು. ರಸ್ತೆಯಾಚೆಯ ಬಾಗಿಲು ತೆರೆಯುವುದು ಬಡ್ಡಿಯ ಕೈಯಲ್ಲಿ ಇರಲಿಲ್ಲ. ಹೋಟೆಲಿನವರು ನಾಯಿಗೆ ಜಾಗ ಇಲ್ಲ ಅಂದರು. ರೈಲಿನವರು ಅದನ್ನು ಸಾಮಾನಿನ ಡಬ್ಬಿಗೆ ಹಾಕಿ ಅಂದರು. ಊಟದ ಮನೆಯವರು ಬೇರೆ ಗಿರಾಕಿಗಳ ಹೆಸರು ಹೇಳಿದರು. ಕಣ್ಣನ್ನು ಸಾಮಾನಿನ ಡಬ್ಬಿಯಲ್ಲಿ ಬಿಟ್ಟು ಮನುಷ್ಯ ಮಾತ್ರ ಸೀಟಿನಲ್ಲಿ ಕೂರುವುದು ಹೇಗೆ?

ನಮಗೆ ಇಂಥ ಒಂದು ಬಾಗಿಲಿನ ಕತೆ ಚಿಕ್ಕಂದಿನಿಂದ ಗೊತ್ತು. ವ್ಯಾಸಭಾರತದ ಕೊನೆಯಲ್ಲಿ ಧರ್ಮರಾಯ ಹಿಮಾಲಯ ಹತ್ತಿ ಸ್ವರ್ಗದ ರಥದ ಮುಂದೆ ನಿಲ್ಲುತ್ತಾನೆ. ನಾಯಿಯನ್ನು ಬಿಟ್ಟು ಹತ್ತು ಅನ್ನುತ್ತಾನೆ ಇಂದ್ರ. ನಂಬಿ ಬಂದದ್ದನ್ನು ಬಿಡಲಾರೆ ಅನ್ನುತ್ತಾನೆ ಧರ್ಮರಾಯ. ಆಮೇಲೆ ಆ ನಾಯಿಯೇ ಧರ್ಮದೇವತೆಯಾಗಿ ತೋರುತ್ತದೆ. ಕತೆ ದೊಡ್ಡದು, ಸಂಶಯವಿಲ್ಲ. ಆದರೆ ಧರ್ಮರಾಯನಿಗೆ ಎರಡು ಕಣ್ಣೂ ಇದ್ದವು. ನಾಯಿಯನ್ನು ಬಿಟ್ಟರೂ ಅವನು ಒಳಗೆ ಹೋಗಬಹುದಾಗಿತ್ತು. ಬಿಡದೆ ನಿಂತದ್ದು ಅವನ ದೊಡ್ಡತನ. ಫ್ರಾಂಕ್‌ಗೆ ಅಂಥ ಆಯ್ಕೆ ಇರಲಿಲ್ಲ. ಬಡ್ಡಿ ಒಳಗೆ ಹೋಗದಿದ್ದರೆ ಅವನೂ ಹೋದ ಹಾಗಲ್ಲ. ಆದ್ದರಿಂದ ಅವನ ಪ್ರಶ್ನೆ ಧರ್ಮದ್ದಷ್ಟೇ ಆಗಿರಲಿಲ್ಲ, ಹಕ್ಕಿನದೂ ಆಗಿತ್ತು.

ಆತ ಅಮೆರಿಕ ಮತ್ತು ಕೆನಡಾಗಳಲ್ಲಿ ವರ್ಷಗಟ್ಟಲೆ ಸುತ್ತಿದ. ಸಭೆಗಳಲ್ಲಿ ಮಾತಾಡಿದ. ಅಧ್ಯಕ್ಷರನ್ನು ಕಂಡ. ಹೋದಲ್ಲೆಲ್ಲ ಬಡ್ಡಿಯನ್ನು ಕರೆದೊಯ್ದ. ಅದು ಸದ್ದಿಲ್ಲದೆ ಕುರ್ಚಿಯ ಕೆಳಗೆ ಮಲಗಿರುವುದನ್ನು ಜನ ಕಣ್ಣಾರೆ ನೋಡಲಿ ಎಂಬುದು ಅವನ ಯುಕ್ತಿ. 1935ರ ಹೊತ್ತಿಗೆ ಅಮೆರಿಕದ ರೈಲು ಕಂಪನಿಗಳೆಲ್ಲ ಮಾರ್ಗದರ್ಶಿ ನಾಯಿ ಯಜಮಾನನ ಜೊತೆಗೇ ಡಬ್ಬಿಯಲ್ಲಿ ಪ್ರಯಾಣ ಮಾಡಬಹುದು ಅಂತ ಒಪ್ಪಿದವು. 1938ರಲ್ಲಿ ಯುನೈಟೆಡ್ ಏರ್‌ಲೈನ್ಸ್ ವಿಮಾನದೊಳಗೆ ಇಂಥ ನಾಯಿಗಳನ್ನು ಬಿಡುವ ನಿಯಮ ಮಾಡಿತು. ಅದೇ ವರ್ಷ ಮೇ 23ರಂದು ಬಡ್ಡಿ ತೀರಿಕೊಂಡಿತು.

ಫ್ರಾಂಕ್ ಆಮೇಲೆ ತಂದುಕೊಂಡ ನಾಯಿಗಳಿಗೂ ಬಡ್ಡಿ ಅಂತಲೇ ಹೆಸರಿಟ್ಟ. ಹೋರಾಟ ಕಂಪನಿಗಳ ನಿಯಮಗಳಿಂದ ಶಾಸನಸಭೆಗಳಿಗೆ ಏರಿತು. 1956ರ ಹೊತ್ತಿಗೆ ಅಮೆರಿಕದ ಪ್ರತಿ ರಾಜ್ಯದಲ್ಲೂ ಮಾರ್ಗದರ್ಶಿ ನಾಯಿಯ ಜೊತೆ ಬಂದ ಅಂಧರಿಗೆ ಸಾರ್ವಜನಿಕ ಸ್ಥಳಗಳ ಪ್ರವೇಶ ಕೊಡುವ ಕಾನೂನು ಬಂದಿತ್ತು. ಅದೇ ವರ್ಷ ಆತ ಸಂಸ್ಥೆಯ ಕೆಲಸದಿಂದ ನಿವೃತ್ತನಾಗಿ ಮತ್ತೆ ತನ್ನ ಹಳೇ ಕಸುಬಾದ ವಿಮೆಗೆ ಮರಳಿದ. 1957ರಲ್ಲಿ ಬಡ್ಡಿಯ ಕತೆಯನ್ನು ಪುಸ್ತಕವಾಗಿ ಹೊರತಂದ. 1980ರ ನವೆಂಬರ್ 22ರಂದು, 72ನೇ ವಯಸ್ಸಿನಲ್ಲಿ ತೀರಿಕೊಂಡ. 2005ರಲ್ಲಿ ಮಾರಿಸ್‌ಟೌನ್‌ನ ಮೈದಾನದಲ್ಲಿ ಅವನದೂ ಬಡ್ಡಿಯದೂ ಜೋಡಿ ಪ್ರತಿಮೆ ನಿಲ್ಲಿಸಿದರು. ಎತ್ತರದ ಪೀಠದ ಮೇಲಲ್ಲ, ನಡೆದಾಡುವವರ ಮಟ್ಟದಲ್ಲೇ ನಿಂತಿದೆ.

ಇನ್ನು ನಮ್ಮಂಥ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಮಾತು. ಫ್ರಾಂಕ್ ತೆರೆಸಿದ್ದು ರೈಲು, ಹೋಟೆಲುಗಳ ಬಾಗಿಲು. ತರಗತಿಯ ಬಾಗಿಲಿಗೆ ಇನ್ನಷ್ಟು ಕಾಲ ಬೇಕಾಯಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜಾಕೋಬಸ್ ಟೆನ್‌ಬ್ರೂಕ್ ಎಂಬ ಅಂಧ ಪ್ರಾಧ್ಯಾಪಕರಿದ್ದರು, ಕಾನೂನು ಬಲ್ಲವರು. ಅಂಗವಿಕಲರಿಗೆ ಈ ಜಗತ್ತಿನಲ್ಲಿ ಎಲ್ಲರಂತೆ ಓಡಾಡಿ ಬದುಕುವ ಹಕ್ಕಿದೆ, ಕಾನೂನು ಅದನ್ನು ಒಪ್ಪಲೇಬೇಕು ಎಂದು 1966ರಲ್ಲಿ ದೊಡ್ಡ ಲೇಖನ ಬರೆದರು. ಬಿಳಿ ಕೋಲಿನ ಮಾದರಿ ಕಾನೂನಿನ ಕರಡು ಅವರದೇ. ಹೆಚ್ಚಿನ ದುಡ್ಡು ಕೇಳದೆ ನಾಯಿಯನ್ನು ಒಳಗೆ ಬಿಡಬೇಕು, ನಾಯಿ ಏನಾದರೂ ಹಾನಿ ಮಾಡಿದರೆ ಅದಕ್ಕೆ ಯಜಮಾನನೇ ಹೊಣೆ ಎಂಬ ಎರಡು ಮಾತೂ ಅದರಲ್ಲಿ ಒಟ್ಟಿಗೇ ಇವೆ. ಹಕ್ಕು ಮತ್ತು ಹೊಣೆ ಎರಡೂ ಜೋಡಿ.

1973ರಲ್ಲಿ ಅಮೆರಿಕ ಸರ್ಕಾರ ಪುನರ್ವಸತಿ ಕಾಯಿದೆ ಮಾಡಿತು. ಅದರ 504ನೇ ವಿಧಿ, ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರನ್ನು ಹೊರಗಿಡಬಾರದು ಅನ್ನುತ್ತದೆ. ಆದರೆ ನಿಯಮಗಳನ್ನು ಬರೆಯದೆ ನಾಲ್ಕು ವರ್ಷ ತಳ್ಳಿದರು. 1977ರ ಏಪ್ರಿಲ್‌ನಲ್ಲಿ ಅಂಗವಿಕಲರು ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದೊಳಗೆ ಮೂರು ವಾರಕ್ಕೂ ಹೆಚ್ಚು ಕಾಲ ಕೂತುಬಿಟ್ಟರು. ಆಗ ನಿಯಮ ಹೊರಬಿತ್ತು. ಅದರಲ್ಲಿ ಕಾಲೇಜುಗಳಿಗೆ ಹೇಳಿದ ಒಂದು ಮಾತಿದೆ: ತರಗತಿಯಲ್ಲಿ ಟೇಪ್ ರೆಕಾರ್ಡರ್ ಬೇಡ, ಕಾಲೇಜಿನ ಕಟ್ಟಡದಲ್ಲಿ ಮಾರ್ಗದರ್ಶಿ ನಾಯಿ ಬೇಡ ಎಂಬಂಥ ನಿಯಮಗಳನ್ನು ಅಂಗವಿಕಲ ವಿದ್ಯಾರ್ಥಿಗಳ ಮೇಲೆ ಹೇರುವಂತಿಲ್ಲ. ನಾಯಿಯನ್ನು ಹೆಸರು ಹಿಡಿದೇ ಬರೆದಿದ್ದಾರೆ. ಬೋರ್ಡು ಓದಿ ಹೇಳಿ ಕಳಿಸುವುದಕ್ಕೆ ಅಲ್ಲಿ ಆಸ್ಪದವಿಲ್ಲ.

1990ರ ಅಂಗವಿಕಲರ ಕಾಯಿದೆ ಈ ಹಕ್ಕನ್ನು ಇನ್ನೂ ಹಿಗ್ಗಿಸಿತು. ಈಗ ಅಲ್ಲಿಯ ನಿಯಮದ ಪ್ರಕಾರ, ಅಂಗವಿಕಲತೆಗೆ ಸಂಬಂಧಿಸಿದ ಯಾವುದಾದರೂ ಕೆಲಸಕ್ಕೆ ತರಬೇತಾದ ನಾಯಿಯೇ ಸೇವಾ ನಾಯಿ. ಗಾಲಿಕುರ್ಚಿ ಎಳೆಯುವುದು, ಬಿದ್ದ ವಸ್ತು ಎತ್ತಿಕೊಡುವುದು, ಕಿವಿ ಕೇಳದವರಿಗೆ ಗಂಟೆ ಬಾರಿಸಿದ್ದನ್ನು ತಿಳಿಸುವುದು, ಇವೆಲ್ಲ ಅದರಲ್ಲಿ ಸೇರುತ್ತವೆ. ಜೊತೆಗಿದ್ದರೆ ಮನಸ್ಸಿಗೆ ಸಮಾಧಾನ ಎಂಬುದಷ್ಟೇ ಸಾಲದು. ಅಗತ್ಯ ಕಣ್ಣಿಗೆ ಕಾಣದಿದ್ದಾಗ ಬಾಗಿಲಲ್ಲಿ ನಿಂತವರು ಕೇಳಬಹುದಾದ ಪ್ರಶ್ನೆ ಎರಡೇ: ಅಂಗವಿಕಲತೆಯ ಕಾರಣ ಈ ನಾಯಿ ಬೇಕೇ, ಇದಕ್ಕೆ ಯಾವ ಕೆಲಸ ಕಲಿಸಿದೆ. ಸರ್ಟಿಫಿಕೇಟು ತೋರಿಸು ಅನ್ನುವಂತಿಲ್ಲ. ನಾಯಿ ಹದ್ದುಬಸ್ತಿನಲ್ಲಿ ಇರದಿದ್ದರೆ, ಗಲೀಜು ಮಾಡಿದರೆ, ಹೊರಗೆ ಕಳಿಸಬಹುದು. ತರಗತಿಯಲ್ಲಿ ನಾಯಿಯ ಕೂದಲು ಆಗದವರೋ ನಾಯಿ ಕಂಡರೆ ಹೆದರುವವರೋ ಇದ್ದರೆ ಇಬ್ಬರನ್ನೂ ದೂರ ದೂರ ಕೂರಿಸಿ ಹೊಂದಿಸಬೇಕು. ಒಬ್ಬರಿಗಾಗಿ ಇನ್ನೊಬ್ಬರನ್ನು ಹೊರಹಾಕುವ ಹಾಗಿಲ್ಲ.

ಕಾನೂನು ಬಂತು ಅಂತ ಎಲ್ಲ ಸುಗಮವಾಯಿತೇ? ಅದೂ ಇಲ್ಲ. ಮಿಶಿಗನ್ ರಾಜ್ಯದ ಒಂದು ಪುಟ್ಟ ಹುಡುಗಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ವಂಡರ್ ಎಂಬ ನಾಯಿ ಅವಳಿಗೆ ಬಾಗಿಲು ತೆರೆಯಲು, ವಸ್ತು ಎತ್ತಿಕೊಡಲು ನೆರವಾಗುತ್ತಿತ್ತು. 2009ರಲ್ಲಿ ಶಾಲೆಯವರು ನಾಯಿ ಬೇಡ, ಸಹಾಯಕ್ಕೆ ಒಬ್ಬ ಆಳನ್ನು ಕೊಟ್ಟಿದ್ದೇವಲ್ಲ ಅಂದರು. ಹುಡುಗಿ ಕೊನೆಗೆ ಬೇರೆ ಶಾಲೆಗೆ ಹೋದಳು. ಮನೆಯವರು ಮೊಕದ್ದಮೆ ಹೂಡಿದರು. ಕೆಳಗಿನ ನ್ಯಾಯಾಲಯಗಳು, ಮೊದಲು ವಿಶೇಷ ಶಿಕ್ಷಣದ ಕಾಯಿದೆಯ ಮೆಟ್ಟಿಲುಗಳನ್ನೆಲ್ಲ ಹತ್ತಿ ಬನ್ನಿ ಅಂದವು. ಫ್ರೈ ವಿರುದ್ಧ ನೆಪೋಲಿಯನ್ ಶಾಲೆಗಳು ಎಂಬ ಈ ಮೊಕದ್ದಮೆಯಲ್ಲಿ 2017ರ ಫೆಬ್ರವರಿ 22ರಂದು ಅಮೆರಿಕದ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿಗೆ ನ್ಯಾಯಮೂರ್ತಿಗಳೆಲ್ಲರ ಸಮ್ಮತಿ ಇತ್ತು. ನ್ಯಾಯಮೂರ್ತಿ ಎಲೆನಾ ಕೇಗನ್ ಬರೆದ ಆ ತೀರ್ಪಿನಲ್ಲಿ ಒಂದು ಸರಳ ಪರೀಕ್ಷೆ ಇದೆ. ಇದೇ ದೂರನ್ನು ಶಾಲೆಯ ಬದಲು ಒಂದು ಗ್ರಂಥಾಲಯದ ಮೇಲೆ ಹೇಳಬಹುದಿತ್ತೇ? ಶಾಲೆಗೆ ಬಂದ ಒಬ್ಬ ದೊಡ್ಡವರೂ ಇದೇ ದೂರು ಹೇಳಬಹುದಿತ್ತೇ? ಹೌದಾದರೆ ಇದು ಪಾಠದ ತಕರಾರು ಆಗದೆ ಸಮಾನತೆಯ ತಕರಾರು ಆಗಿರುವ ಸಂಭವ ಹೆಚ್ಚು. ಅಂಥ ತಕರಾರಿಗೆ ಆ ಮೆಟ್ಟಿಲುಗಳನ್ನೆಲ್ಲ ಹತ್ತಬೇಕಾಗಿಲ್ಲ. ಪಾಠ ಚೆನ್ನಾಗಿ ನಡೆಯುತ್ತಿದೆಯಲ್ಲ ಅನ್ನುವ ಉತ್ತರ ಎಲ್ಲ ದೂರಿಗೂ ಉತ್ತರವಾಗುವುದಿಲ್ಲ ಎಂಬುದು ನಮಗೆ ಇದರಿಂದ ತಿಳಿಯುವ ಮಾತು.

ಈಗ ನಮ್ಮ ಗಿಂಡಿಗೆ ಬರೋಣ. ವೇಲಚೇರಿ ರಸ್ತೆಯಲ್ಲಿ ಬ್ಲೂ ಕ್ರಾಸ್ ಸಂಸ್ಥೆ ಇದೆ. 1959ರಲ್ಲಿ ಕ್ಯಾಪ್ಟನ್ ಸುಂದರಂ ಅವರು ಸ್ಥಾಪಿಸಿದ್ದು. ಗಾಯಗೊಂಡ ಬೀದಿನಾಯಿಗಳಿಗೆ ಅಲ್ಲಿ ಮದ್ದು, ಆಸರೆ ಸಿಗುತ್ತದೆ. ಇತ್ತ ಕೈಗಾರಿಕಾ ಎಸ್ಟೇಟಿನ ಕಡೆ ಅಂಗವಿಕಲರಿಗೆ ಕಸುಬು ಕಲಿಸಿ ಉದ್ಯೋಗಕ್ಕೆ ದಾರಿ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ನಾಯಿಗೆ ಮರುಗುವವರೂ ಇದ್ದಾರೆ, ಅಂಗವಿಕಲರಿಗೆ ದುಡಿಯುವವರೂ ಇದ್ದಾರೆ. ನಾಯಿಯ ಹಿಡಿ ಹಿಡಿದು ತರಗತಿಗೆ ಬರುವ ವಿದ್ಯಾರ್ಥಿಯನ್ನು ಮಾತ್ರ ನಾನು ಈ ಗಿಂಡಿಯಲ್ಲಿ ಒಮ್ಮೆಯೂ ಕಂಡಿಲ್ಲ. ಕಾರಣಗಳು ಬೇಕಾದಷ್ಟಿವೆ. ತರಬೇತಾದ ನಾಯಿ ನಮ್ಮ ದೇಶದಲ್ಲಿ ಬಹಳ ಅಪರೂಪ. ಪಾದಚಾರಿ ದಾರಿ ಎಲ್ಲಿ ಮುಗಿಯುತ್ತದೋ ಗೊತ್ತಾಗದು. ಬೇಸಗೆಯ ಡಾಂಬರು ನಾಯಿಯ ಅಂಗಾಲನ್ನು ಸುಡುತ್ತದೆ. ಬೀದಿನಾಯಿಗಳು ಮೇಲೆ ಬೀಳುತ್ತವೆ. ನಾಯಿಪಾಡು ಎಂಬ ಮಾತನ್ನು ಬೈಗುಳವಾಗಿ ಆಡುವ ಜನ ನಾವು.

ಹಾಗಂತ ನಮ್ಮಲ್ಲಿ ಏನೂ ಇಲ್ಲ ಅಂದುಕೊಳ್ಳಬಾರದು. ಹುಟ್ಟು ಅಂಧರಾದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು ಕರೆದುಕೊಂಡು ಊರೂರು ಸುತ್ತಿ, ಗದಗಿನಲ್ಲಿ ವ���ರೇಶ್ವರ ಪುಣ್ಯಾಶ್ರಮ ಕಟ್ಟಿ, ಅವರ ಬಾಯಲ್ಲಿ ಸಂಗೀತ ಇಟ್ಟರು. ಅದು ನಮ್ಮ ನಾಡಿನ ದೊಡ್ಡತನ. ಆದರೆ ಆಶ್ರಮದ ಬಾಗಿಲು ತೆರೆದಿದ್ದ ಮಾತ್ರಕ್ಕೆ ಊರಿನ ಕಾಲೇಜಿನ ಬಾಗಿಲು ಮುಚ್ಚಿರಬಹುದು ಎಂದೇನೂ ಇಲ್ಲವಲ್ಲ?

ಕಾನೂನು ಏನನ್ನುತ್ತದೆ ನೋಡೋಣ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದವನ್ನು ಭಾರತ 2007ರಲ್ಲಿ ಅನುಮೋದಿಸಿತು. ಜೀವಂತ ನೆರವು ಎಂಬ ಮಾತು ಅದರಲ್ಲಿದೆ. ಆ ಒಪ್ಪಂದವನ್ನು ಜಾರಿಗೆ ತರಲೆಂದೇ ನಮ್ಮ ಸಂಸತ್ತು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ನ್ನು ಮಾಡಿತು. 2017ರ ಏಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. ಅದರ 16ನೇ ಕಲಮು ಸರ್ಕಾರದ ಹಣವನ್ನೋ ಮಾನ್ಯತೆಯನ್ನೋ ಪಡೆದ ಶಿಕ್ಷಣ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಕಟ್ಟಡ ಎಲ್ಲರಿಗೂ ಎಟುಕುವ ಹಾಗಿರಬೇಕು, ಆ ಒಬ್ಬ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕಂತೆ ಯುಕ್ತವಾದ ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ. ನಾಯಿ ಎಂಬ ಪದ ಅದರಲ್ಲಿಲ್ಲ. ಆದರೆ ಸಂಸ್ಥೆಗೆ ವಿಪರೀತ ಹೊರೆಯಾಗದ ಅನುಕೂಲವನ್ನು ಮಾಡಿಕೊಡಲೇಬೇಕು ಎಂಬುದಿದೆ.

ಈ ಅನುಕೂಲ ಎಂಬ ಪದಕ್ಕೆ ಎಷ್ಟು ಬಲವಿದೆ ಎಂಬುದನ್ನು ನಮ್ಮ ಸುಪ್ರೀಂ ಕೋರ್ಟು 2021ರ ಫೆಬ್ರವರಿ 11ರಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ತೋರಿಸಿತು. ಬರೆಯಲು ಕೈ ಸೆಟೆದುಕೊಳ್ಳುವ ಕಾಯಿಲೆ ಇದ್ದ ಅಭ್ಯರ್ಥಿಗೆ ಯು.ಪಿ.ಎಸ್.ಸಿ. ಪರೀಕ್ಷೆಯಲ್ಲಿ ಬರೆದುಕೊಡುವವರ ನೆರವನ್ನು ನಿರಾಕರಿಸಿದ್ದರು. ನಿಯಮದ ಪಟ್ಟಿಯಲ್ಲಿ ಹೆಸರಿಲ್ಲ ಎಂಬ ಕಾರಣಕ್ಕೆ ಕೈ ತೊಳೆದುಕೊಳ್ಳುವಂತಿಲ್ಲ, ಅನುಕೂಲ ಕಲ್ಪಿಸುವುದು ಸರ್ಕಾರದ ಕರ್ತವ್ಯ, ಅದನ್ನು ಆಯಾ ವ್ಯಕ್ತಿಯ ಅಗತ್ಯ ನೋಡಿ ಮಾಡಬೇಕು ಎಂಬುದು ಆ ತೀರ್ಪಿನ ಸಾರ. ಪರೀಕ್ಷೆಯಲ್ಲಿ ಬರೆದುಕೊಡುವ ಕೈಗೆ ಸಲ್ಲುವ ನ್ಯಾಯ, ದಾರಿಯಲ್ಲಿ ನಡೆಸುವ ಕಣ್ಣಿಗೆ ಸಲ್ಲಬಾರದೇಕೆ? ಸಾಕುಪ್ರಾಣಿಗೆ ಪ್ರವೇಶವಿಲ್ಲ ಎಂಬ ಬೋರ್ಡು ಈ ಪ್ರಶ್ನೆಗೆ ಉತ್ತರವಾಗಲಾರದು ಅಂತ ನನ್ನ ಅನಿಸಿಕೆ. ಸಂಸ್ಥೆ ಕೇಳದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡುವ ದಾರಿಯನ್ನೂ ಅದೇ ಕಾಯಿದೆ ತೋರಿಸಿದೆ.

ಫ್ರಾಂಕ್‌ನ ಬದುಕಿನಿಂದ ನಾನು ಕಲಿತದ್ದು ಇಷ್ಟು. ದಯೆಯಿಂದ ತೆರೆದ ಬಾಗಿಲನ್ನು ಕಾವಲುಗಾರ ಬದಲಾದ ದಿನ ಮತ್ತೆ ಮುಚ್ಚಬಹುದು. ಹಡಗಿನ ಕೋಣೆಗೆ ಬೀಗ ಹಾಕಿದವರೂ ದಯಾಳುಗಳೇ ಆಗಿದ್ದರು. ಸರದಿ ಮರೆತ ನಾನೂ ಕೆಟ್ಟವನೇನಲ್ಲ. ಆದರೂ ಒಬ್ಬ ಮನುಷ್ಯ ಮುಕ್ಕಾಲು ಗಂಟೆ ಗೇಟಿನಲ್ಲಿ ನಿಂತ.

ನಮ್ಮ ಗೆಳೆಯನಿಗೆ ನಾಯಿ ಸಿಗುತ್ತದೋ ಇಲ್ಲವೋ ಹೇಳಲಾರೆ. ಸಿಕ್ಕರೂ ಅವನು ಕೋಲನ್ನೇ ಆರಿಸಿಕೊಳ್ಳಬಹುದು, ಅದು ಅವನಿಷ್ಟ. ಆದರೆ ಕೇಳಿದ ಪ್ರಶ್ನೆಗೆ ಬೋರ್ಡು ಓದಿ ಹೇಳಿದ್ದು ಉತ್ತರವಲ್ಲ. ಆದ್ದರಿಂದ ಅವನ ಒಪ್ಪಿಗೆ ಪಡೆದು ಒಂದು ಅರ್ಜಿ ಬರೆದಿದ್ದೇವೆ. 16ನೇ ಕಲಮನ್ನು ಕಾಣಿಸಿ, ಲಿಖಿತ ಉತ್ತರ ಕೊಡಿ ಅಂತ ಕೇಳಿದ್ದೇವೆ. ಮೊದಲ ಸಹಿ ಅವನದು, ಉಳಿದ ಸಹಿಗಳಿಗೆ ಕೆಳಗೆ ಜಾಗ ಬಿಟ್ಟಿದ್ದೇವೆ. ಮುಂದಿನ ಸಭೆಗೆ ಬರುವಾಗ ಪೆನ್ನು ತನ್ನಿ. ಆ ಸಂಜೆ ಅವನನ್ನು ನಿಲ್ದಾಣಕ್ಕೆ ಬಿಟ್ಟುಬರುವ ಸರದಿ ನನ್ನದು. ಈ ಸಲ ಮರೆತರೆ ಬೈಯಬೇಕು ಅಂತ ಅವನಿಗೆ ಮೊದಲೇ ಹೇಳಿಟ್ಟಿದ್ದೇನೆ.